ಖುಲಾ, ತಫ್ವೀಜ್, ಫಸ್ಖ್: ಕೊನೆಯ ಮಾತು ಯಾರದು?

"ಮುಸ್ಲಿಂ ಕಾನೂನಲ್ಲಿ ಖುಲಾ ಅಂದ್ರೆ ಹೆಂಗಸು ಕೋರ್ಟಿಗೆ ಹೋಗಿ ತಗೊಳ್ಳೋ ಡೈವೋರ್ಸ್ ಅಲ್ವಾ?" ಇಂಟರ್ನ್‌ಶಿಪ್‌ಗೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋದ ದಿನ ಜೊತೆಗಿದ್ದವಳು ಕೇಳಿದಳು. ಅಲ್ಲ. ಕೋರ್ಟಿನದು ಫಸ್ಖ್. ಪರೀಕ್ಷೆಯಲ್ಲಿ ಇವೆರಡನ್ನು ಕಲಸಿ ಬರೆದರೆ ಉತ್ತರ ಪೂರ್ತಿ ಹಾಳು. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮದುವೆ ಮುರಿಯುವ ಕೊನೆಯ ಮಾತು ಯಾರದು?

ತಲಾಖ್-ಎ-ತಫ್ವೀಜ್‌ನಲ್ಲಿ ಮಾತು ಹೆಂಡತಿಯದೇ. "ನಾನು ಇನ್ನೊಂದು ಮದುವೆಯಾದರೆ ನೀನೇ ತಲಾಖ್ ಹೇಳಿಕೊಳ್ಳಬಹುದು" ಎಂದು ಗಂಡ ಕರಾರಿನಲ್ಲಿ ಅಧಿಕಾರ ಬಿಟ್ಟುಕೊಟ್ಟಿರುತ್ತಾನೆ. ಮುಬಾರತ್‌ನಲ್ಲಿ ಇಬ್ಬರಿಗೂ ಸಾಕಾಗಿ, ಇಬ್ಬರೂ ಒಪ್ಪಿ ಬೇರೆಯಾಗುತ್ತಾರೆ, ಅಷ್ಟೇ.

ಜಗಳ ಇರುವುದು ಖುಲಾದಲ್ಲಿ, ಅಂದರೆ ಹೆಂಡತಿ ಮೆಹರ್ (ಮದುವೆಗೆ ಗಂಡ ಕೊಡುವ ವಧುಧನ) ಮರಳಿಸಿ ಬಿಡುಗಡೆ ಕೇಳುವುದರಲ್ಲಿ. ಸಾಬಿತ್ ಬಿನ್ ಕೈಸ್ ಅವರ ಹೆಂಡತಿ ಪ್ರವಾದಿಯವರ ಬಳಿ ಬಂದರು. ಗಂಡನ ನಡತೆ ಬಗ್ಗೆ ದೂರಿಲ್ಲ, ಆದರೆ ಬಾಳಲಾರೆ ಎಂದರು. ಸಾಬಿತ್ ಮೆಹರ್ ಆಗಿ ಕೊಟ್ಟ ತೋಟ ವಾಪಸ್ ಕೊಡುತ್ತೀಯಾ ಎಂದು ಪ್ರವಾದಿಯವರು ಕೇಳಿದರು. ಹೂಂ ಎಂದಾಗ, ತೋಟ ತಗೊಂಡು ಬಿಡುಗಡೆ ಮಾಡು ಎಂದು ಸಾಬಿತ್‌ಗೆ ಹೇಳಿದರು. ಇದನ್ನೇ ಓದಿ ಹೆಚ್ಚಿನ ಹಳೆಯ ಪಂಡಿತರು ಗಂಡನ ಒಪ್ಪಿಗೆ ಬೇಕು ಎಂದರು. ಕೇರಳ ಹೈಕೋರ್ಟ್ 2021ರಲ್ಲಿ ಬೇಡ ಎಂದಿತು: ಹೆಂಡತಿ ಘೋಷಿಸಬೇಕು, ಮೆಹರ್ ಮರಳಿಸುವ ಮಾತಾಡಬೇಕು, ರಾಜಿಗೆ ನಿಜವಾದ ಪ್ರಯತ್ನ ನಡೆದಿರಬೇಕು. ನನಗೆ ಈ ಓದು ಸರಿ ಅನಿಸುತ್ತದೆ. ಆದರೆ ಹುಷಾರ್, ಕೇರಳದ ತೀರ್ಪು ಬೆಂಗಳೂರಿನ ಕೋರ್ಟನ್ನು ಕಟ್ಟಿಹಾಕುವುದಿಲ್ಲ.

ಗಂಡ ಜಪ್ಪಯ್ಯ ಅಂದರೂ ಒಪ್ಪದಿದ್ದರೆ? ಆಗಲೇ ಫಸ್ಖ್, ಅಂದರೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ಇದರ ಹಿನ್ನೆಲೆ ಸ್ವಾರಸ್ಯವಾಗಿದೆ. ಇಸ್ಲಾಮಿಕ್ ಕಾನೂನಿನ ಪಂಥಗಳಲ್ಲಿ ಒಂದಾದ ಹನಫಿಯಲ್ಲಿ ಹೆಂಡತಿಗೆ ದಾರಿ ತೀರಾ ಕಿರಿದು. ಬೇಸತ್ತ ಕೆಲವು ಹೆಂಗಸರು ಮದುವೆ ಮುರಿಯಲೆಂದೇ ಮತ ಬಿಟ್ಟರು. ಉಲೇಮಾಗಳಿಗೆ, ಅಂದರೆ ಧರ್ಮಪಂಡಿತರಿಗೆ, ದಿಗಿಲಾಯಿತು. ಮೌಲಾನಾ ಅಶ್ರಫ್ ಅಲಿ ಥಾನವಿ, ಮಾಲಿಕಿ ಪಂಥದ ನಿಯಮ ಎರವಲು ತರಬಹುದು ಎಂದು ತೋರಿಸಿದರು. ಕಾಯ್ದೆ ಬಂತು. ಜೊತೆಗೇ 4ನೇ ಸೆಕ್ಷನ್ ಬಂತು: ಮುಸ್ಲಿಂ ಹೆಂಡತಿ ಮತ ಬಿಟ್ಟಳೆಂಬ ಮಾತ್ರಕ್ಕೆ ಮದುವೆ ಮುರಿಯದು. ಒಂದು ಬಾಗಿಲು ತೆರೆದು ಇನ್ನೊಂದಕ್ಕೆ ಚಿಲಕ!

ಕಾರಣಗಳನ್ನು ನಾನು ಪಿನ್ ನಂಬರ್ ಥರ ಉರು ಹೊಡೆದಿದ್ದೇನೆ: 4-2-7-3. ಗಂಡ ನಾಪತ್ತೆಯಾಗಿ 4 ವರ್ಷ, ಜೀವನಾಂಶ ಕೊಡದೆ 2, ಜೈಲು ಶಿಕ್ಷೆ 7 ಅಥವಾ ಜಾಸ್ತಿ, ಸಕಾರಣವಿಲ್ಲದೆ ಸಂಸಾರದ ಹೊಣೆ ಬಿಟ್ಟು 3. ನಾಪತ್ತೆ ಕೇಸಿನಲ್ಲಿ ಡಿಕ್ರಿ (ಕೋರ್ಟಿನ ಆದೇಶ) ಆರು ತಿಂಗಳು ಜಾರಿಯಾಗದು. ಅಷ್ಟರಲ್ಲಿ ಗಂಡ ಬಂದು ಹೊಣೆ ಹೊರಲು ಸಿದ್ಧ ಎಂದು ಕೋರ್ಟಿಗೆ ಮನವರಿಕೆ ಮಾಡಿದರೆ ಡಿಕ್ರಿ ರದ್ದು. ಕ್ರೌರ್ಯ ಬೇರೆ ಇದೆ. ಹೊಡೆತ ಮಾತ್ರವಲ್ಲ, ಹೆಂಡತಿಯ ಆಸ್ತಿ ಮಾರಿಬಿಡುವುದೂ ಅದರಲ್ಲಿ ಬರುತ್ತದೆ.

ಇನ್ನೊಂದು ಮಾತು. ಅವೆನ್ಯೂ ರೋಡಿನಲ್ಲಿ ಅಗ್ಗಕ್ಕೆ ತಂದ ನನ್ನ ಹಳೇ ಪುಸ್ತಕದಲ್ಲಿ ಕುಷ್ಠರೋಗವೂ ಒಂದು ಕಾರಣ ಎಂದಿದೆ. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ನಿಮ್ಮದರಲ್ಲೂ ಇದ್ದರೆ ಈಗಲೇ ಗೀಟು ಎಳೆಯಿರಿ.