ಓಡುತ್ತಿದೆ ಎಂದು ಬಿಟ್ಟ ಕಂಪ್ಯೂಟರ್

ಉಡುಪಿಯ ಬಸ್ ನಿಲ್ದಾಣದ ಹತ್ತಿರ ನಾನು ಜೆರಾಕ್ಸ್ ಮಾಡಿಸುವ ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಮಾನಿಟರಿನ ಅಂಚಿನಲ್ಲಿ ಆಯುಧಪೂಜೆಯ ಗಂಧದ ಬೊಟ್ಟು, ಪರದೆಯಲ್ಲಿ ವಿಂಡೋಸ್ 7. ಊರಿನವರ ಆಧಾರ್, ಪಹಣಿ, ಅಂಕಪಟ್ಟಿಗಳೆಲ್ಲ ಅದರ ಮೂಲಕವೇ ಹಾದು ಬರುತ್ತವೆ. ಬದಲಿಸಬಾರದೇ ಎಂದು ಕೇಳಿದರೆ ಅಂಗಡಿಯವರದ್ದು ಒಂದೇ ಉತ್ತರ: "ಇದಕ್ಕೇನಾಗಿದೆ ಮಾರಾಯರೆ? ಇಷ್ಟು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ."

ಹೊಲಿಗೆ ಯಂತ್ರಕ್ಕಾದರೆ ಈ ಮಾತು ಒಪ್ಪುತ್ತದೆ. ಇಂಟರ್ನೆಟ್ಟಿಗೆ ಜೋಡಿಸಿದ ಕಂಪ್ಯೂಟರಿಗೆ ಒಪ್ಪುವುದಿಲ್ಲ. ಯಂತ್ರ ಇದ್ದಲ್ಲೇ ಇದ್ದರೂ ಅದರ ದೋಷಗಳ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಹೋಗುತ್ತದೆ. ಇಷ್ಟು ಸರಳ ಸಂಗತಿ ಜನರಿಗೆ ತಲುಪಿಲ್ಲವಲ್ಲ ಎಂಬುದೇ ನನ್ನ ಸಂಕಟ.

ದೋಷ ಎಂದರೆ ಹೇಗಿರುತ್ತದೆ? ನಿಜವಾದ ಒಂದನ್ನೇ ನೋಡೋಣ. ಓಎಸ್/2 ಎಂಬ 1980ರ ದಶಕದ ಕಾರ್ಯಾಚರಣಾ ವ್ಯವಸ್ಥೆ (ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಕಡತಗಳ ವಿವರವನ್ನು ತನ್ನದೇ ಕ್ರಮದಲ್ಲಿ ಬರೆಯುತ್ತಿತ್ತು. ಅದನ್ನು ವಿಂಡೋಸಿನ ಕ್ರಮಕ್ಕೆ ತಿರುಗಿಸುವ ಒಂದು ತುಣುಕು ಕೋಡ್, ವಿಂಡೋಸಿನ ಕಡತ ಹಂಚಿಕೆಯ ವಿಭಾಗದಲ್ಲಿ ವರ್ಷಾನುಗಟ್ಟಲೆ ಉಳಿದುಕೊಂಡಿತು. ಬೇರೆ ಕಂಪ್ಯೂಟರಿನಿಂದ ಬಂದ ವಿವರಗಳ ಪಟ್ಟಿಯಲ್ಲಿ ಕೆಟ್ಟ ನಮೂದು ಸಿಕ್ಕರೆ ಅದು ಪಟ್ಟಿಯ ಅಳತೆಯನ್ನು ತಗ್ಗಿಸಿ ಬರೆಯಬೇಕು. ಅಳತೆಗೆ ಮೀಸಲಾದದ್ದು 32 ಬಿಟ್, ಎಂದರೆ 0 ಅಥವಾ 1 ಬರೆಯುವ 32 ಮನೆ. ತಿದ್ದುತ್ತಿದ್ದದ್ದು ಕೆಳಗಿನ 16 ಬಿಟ್ ಮಾತ್ರ. ಹಾಲಿನ ಸೊಸೈಟಿಯ ಲೆಕ್ಕದ ಪುಸ್ತಕವನ್ನು ನೆನೆಯಿರಿ. 100000 ಎಂದು ಬರೆದದ್ದನ್ನು 99950 ಎಂದು ತಿದ್ದಬೇಕಾಗಿದೆ. ಗುಮಾಸ್ತರು ಕೊನೆಯ ಐದು ಅಂಕಿಗಳನ್ನು ಅಳಿಸಿ 99950 ಬರೆದರು, ಮುಂದಿನ 1 ಹಾಗೆಯೇ ಉಳಿಯಿತು. ಪುಸ್ತಕದಲ್ಲೀಗ 199950! ತಗ್ಗಬೇಕಾದ ಮೊತ್ತ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಕಂಪ್ಯೂಟರಿನೊಳಗೂ ಹೀಗೆಯೇ. ಕಾದಿರಿಸಿದ ಜಾಗ ಚಿಕ್ಕದು, ತುಂಬಲು ಹಿಡಿದ ಅಳತೆ ದೊಡ್ಡದು. ಒಂದು ಸೇರಿನ ಪಾತ್ರೆಗೆ ಎರಡು ಸೇರು ಹಾಲು ಸುರಿದಂತೆ, ಹೆಚ್ಚಾದದ್ದು ಪಕ್ಕದ ಮೆಮೊರಿಯ ಮೇಲೆ ಚೆಲ್ಲುತ್ತದೆ. ಪಕ್ಕದಲ್ಲಿ ಏನಿದೆಯೆಂದು ಬಲ್ಲವನು ಅಲ್ಲಿಗೆ ತನ್ನ ಆಜ್ಞೆಗಳನ್ನೇ ಚೆಲ್ಲಿಸುತ್ತಾನೆ. ಪಾಸ್‌ವರ್ಡ್ ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಎಕ್ಸ್‌ಪಿ, ವಿಸ್ಟಾ, 7, 8 ಎಂಬ ವಿಂಡೋಸ್ ಆವೃತ್ತಿಗಳೆಲ್ಲದರಲ್ಲೂ ಈ ತಪ್ಪಿತ್ತು. ಹೇಗೆಂದು ತಿಳಿಯಲು ನಮ್ಮ ಹಂಚನ್ನು ನೆನೆಯಿರಿ. 1860ರ ದಶಕದಲ್ಲಿ ನೇತ್ರಾವತಿಯ ದಡದಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಮಂಗಳೂರು ಹಂಚಿನ ಹೆಗ್ಗಳಿಕೆಯೇ ಒಂದೇ ಅಚ್ಚು. ಒಂದರ ತುಟಿ ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ, ಯಾರ ಮನೆಯ ಮಾಡಿಗಾದರೂ ಸಲ್ಲುತ್ತದೆ. ವಿಂಡೋಸ್ ಕೂಡ ಅಚ್ಚಿನ ಕೆಲಸವೇ. ಅಚ್ಚಿನಲ್ಲಿ ಊನವಿದ್ದರೆ ಲಕ್ಷ ಹಂಚಿನಲ್ಲೂ ಅದೇ ಮೂಲೆಯಲ್ಲಿ ಊನ.

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಈ ದೋಷವನ್ನು ಬಳಸುವ ಸಾಧನ ಮಾಡಿಟ್ಟುಕೊಂಡಿತ್ತು. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ತಿದ್ದುಪಡಿ ಬಿಟ್ಟಿತು. ಏಪ್ರಿಲಿನಲ್ಲಿ ಆ ಸಾಧನ ಬಯಲಾಯಿತು. ಮೇ 12ರಂದು ಅದನ್ನೇ ಬಳಸಿ ವಾನಾಕ್ರೈ ಎಂಬ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶ) ಸುಮಾರು 150 ದೇಶಗಳಿಗೆ ಹಬ್ಬಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತವು. ಹೆಚ್ಚಾಗಿ ಸಿಕ್ಕಿಬಿದ್ದದ್ದು ವಿಂಡೋಸ್ 7, ಅದೂ ಎರಡು ತಿಂಗಳ ಹಿಂದೆಯೇ ಬಂದಿದ್ದ ಅಪ್‌ಡೇಟನ್ನು ಹಾಕಿಕೊಳ್ಳದ ಯಂತ್ರಗಳು.

ನನಗೆ ಅತ್ಯಂತ ವಿಸ್ಮಯವೆನಿಸುವುದು ಇನ್ನೊಂದು ಸಂಗತಿ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತಿದ್ದುಪಡಿ ಕೊಡುತ್ತದೆ. ತಿದ್ದುವ ಮೊದಲಿನ ಕಡತವನ್ನೂ ತಿದ್ದಿದ ಕಡತವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿತ್ತೆಂದು ತಿಳಿಯುತ್ತದೆ. ಹಂಚಿನ ಕಾರ್ಖಾನೆಯವರು "ಎಡಮೂಲೆಯಲ್ಲಿ ಬಿರುಕಿದೆ, ಬದಲಿಸಿಕೊಳ್ಳಿ" ಎಂದು ಡಂಗುರ ಸಾರಿದರೆ ಕಳ್ಳನಿಗೂ ಕೇಳಿಸುತ್ತದಲ್ಲವೇ? ಹೊಸ ಮನೆಯವರಿಗೆ, ಎಂದರೆ ಹೊಸ ವಿಂಡೋಸ್ ಇರುವವರಿಗೆ, ಹೊಸ ಹಂಚು ಸಿಗುತ್ತದೆ. ವಿಂಡೋಸ್ 7ಕ್ಕೆ ಸಾರ್ವಜನಿಕರಿಗಾಗಿ ತಿದ್ದುಪಡಿ ಕೊಡುವುದು ನಿಂತದ್ದು 2020ರ ಜನವರಿ 14ರಂದು. ಆಮೇಲಿನ ಡಂಗುರಗಳಲ್ಲಿ ಎಷ್ಟೋ ಆ ಮಾಡಿಗೂ ಅನ್ವಯಿಸುತ್ತವೆ, ಹಂಚು ಮಾತ್ರ ಬರುವುದಿಲ್ಲ. ಅದರಲ್ಲಿ ಓಡುವ ಕ್ರೋಮ್ ಬ್ರೌಸರ್ ಕೂಡ 109ನೆಯ ಆವೃತ್ತಿಗೇ ನಿಂತುಬಿಟ್ಟಿದೆ. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ರಂದು ಬಂದಿತು.

ಆಂಟಿವೈರಸ್ ಇದೆ ಎನ್ನುತ್ತಾರೆ. ಅಡಿಪಾಯವೇ ಬಿರುಕುಬಿಟ್ಟಾಗ ಅದು ಮೇಲೆ ನಿಂತು ಕಾಯುವುದು ಸ್ವಲ್ಪವೇ. ನನ್ನ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ ಎನ್ನುತ್ತಾರೆ. ಹುಳು ಮನೆ ನೋಡಿ ಬರುವುದಿಲ್ಲ. ಸಿಕ್ಕಿದ ವಿಳಾಸಗಳನ್ನೆಲ್ಲ ತಟ್ಟುತ್ತದೆ. ರೂಟರ್ ಹೊರಗಿನ ತಟ್ಟುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಆ ಅಂಗಡಿಗೆ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬರುತ್ತವೆ! ಒಂದರಿಂದ ಒಳಗೆ ಇಳಿದರೆ ಸಾಕು, ಆಮೇಲೆ ರೂಟರಿನ ಈಚೆಗಿನ ಯಂತ್ರಗಳೆಲ್ಲ ಒಂದೇ ಅಂಗಳ.

ಕೇರಳದ ಗಡಿಯ ತಲಪಾಡಿ ದಾಟಿದರೆ ಸಿಗುವ ಕಾಸರಗೋಡಿನ ಸರಕಾರಿ ಶಾಲೆಗಳ ಮಕ್ಕಳು, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಕಲಿಯುತ್ತಾರೆ. ಅದು ಉಚಿತ, ಹಳೆಯ ಯಂತ್ರಗಳಲ್ಲೂ ಓಡುತ್ತದೆ, ತಿದ್ದುಪಡಿಗಳೂ ಬರುತ್ತವೆ. ಇದನ್ನು ಹೇಳಿದಾಗ ಅಂಗಡಿಯವರು ಹಳೆಯ ಸ್ಕ್ಯಾನರಿನತ್ತ ಕೈತೋರಿಸಿದರು. ಅದರ ಡ್ರೈವರ್, ಎಂದರೆ ಅದನ್ನು ಕಂಪ್ಯೂಟರಿನೊಡನೆ ನಡೆಸುವ ತಂತ್ರಾಂಶ, ವಿಂಡೋಸ್ 7ಕ್ಕೆ ಮಾತ್ರ ಇದೆಯಂತೆ. ಹಾಗಾದರೆ ಆ ಯಂತ್ರ ಸ್ಕ್ಯಾನರಿಗೇ ಇರಲಿ, ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ ಎಂದೆ. ಗ್ರಾಹಕರ ಮಿಂಚಂಚೆ ತೆರೆಯಲು ಮಗಳ ಲ್ಯಾಪ್‌ಟಾಪ್ ತರುತ್ತೇನೆ ಎಂದು ಅವರು ಒಪ್ಪಿದ್ದಾರೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡುವುದು ನನ್ನ ಪಾಲಿನ ಕೆಲಸ.