ಮೀನಿನ ಬಾಲ ಮಾತ್ರ ಸಿಗುತ್ತದೆ ಅನ್ನುವವರಿಗೆ

ಅಕ್ಟೋಬರ್ ಕಳೆದು ಕಡಲು ಶಾಂತವಾದ ಮೇಲೆ ನನ್ನ ಫೋನಿಗೆ ಒಂದೇ ಥರದ ವಿಡಿಯೋಗಳು ಬರಲು ಶುರುವಾಗುತ್ತವೆ. ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯ ಹುಡುಗರು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಡೈವ್ ಮಾಡಿ ಬಂದು ಕಳಿಸುವ ವಿಡಿಯೋಗಳು. ಮೊನ್ನೆ ಉಪ್ಪಳದ ಹುಡುಗನೊಬ್ಬ ಇಪ್ಪತ್ತೆರಡು ನಿಮಿಷದ್ದು ಕಳಿಸಿದ್ದ. ಪೂರ್ತಿ ನೋಡಿದೆ. ಎಲ್ಲ ಹಸಿರು ನೀಲಿ, ಅಲುಗಾಡುವ ಚಿತ್ರ, ಅದರೊಳಗೆ ದೂರಕ್ಕೆ ಓಡುತ್ತಿರುವ ಮೀನುಗಳ ಬಾಲ. "ಅಣ್ಣಾ, ಎಂತ ಮಾಡಿದ್ರೂ ಬಾಲ ಮಾತ್ರ ಸಿಗುದು. ಕ್ಯಾಮೆರಾ ಬದಲಾಯಿಸ್ಬೇಕಾ?" ಅಂತ ಕೇಳಿದ.

ಬೇಡ. ಕ್ಯಾಮೆರಾ ಚೆನ್ನಾಗಿಯೇ ಇದೆ. ನೀನು ಮೀನಿನ ಹಿಂದೆ ಹೋಗಿದ್ದೀಯ, ಹಿಂದೆ ಹೋದವನಿಗೆ ಬಾಲವೇ ಕಾಣುವುದು.

ಡೈವಿಂಗ್ ಕಲಿಸುವುದು, ನೀರಿನಡಿ ವಿಡಿಯೋ ತೆಗೆಯುವುದು ನನ್ನ ಕೆಲಸ. ಮನೆ ಕುಂಬಳೆ. ಸೀಸನ್‌ನಲ್ಲಿ ನೇತ್ರಾಣಿ, ನಡುವೆ ಲಕ್ಷದ್ವೀಪ, ಅಂಡಮಾನ್. ನಮ್ಮ ಕಾಸರಗೋಡಿನ ಕಡಲಲ್ಲೇ ಯಾಕೆ ತೆಗೆಯುವುದಿಲ್ಲ ಅಂತ ಊರಲ್ಲಿ ಕೇಳುತ್ತಾರೆ. ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳು ಮಣ್ಣು ತಂದು ಹಾಕುವ ಕಡಲು ಇದು. ದಡದ ಹತ್ತಿರ ಚಾಚಿದ ಕೈಯ ಬೆರಳು ಕಾಣದ ದಿನಗಳೇ ಜಾಸ್ತಿ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಒಳಗಿದೆ, ಹೊಳೆಯ ಕೆಸರು ಅಷ್ಟು ದೂರಕ್ಕೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುತ್ತೇವೆ.

ಮೊದಲು ಬಣ್ಣದ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನನ್ನ ಬಲಗೈಯಲ್ಲಿ ಯಾವಾಗಲೂ ಒಂದು ಕೆಂಪು ದಾರ ಇರುತ್ತದೆ, ದೇವಸ್ಥಾನದಲ್ಲಿ ಕಟ್ಟಿದ್ದು. ಹೊಸಬರನ್ನು ಇಳಿಸುವಾಗ ಆ ದಾರವನ್ನು ನೋಡುತ್ತಾ ಬರಲು ಹೇಳುತ್ತೇನೆ. ದೋಣಿಯ ಬದಿಯಲ್ಲಿ ಅದು ಕುಂಕುಮದ ಕೆಂಪು. ಐದು ಮೀಟರಿಗೆ ಬಂದಾಗ ಇಟ್ಟಿಗೆ ಬಣ್ಣ. ಹತ್ತಕ್ಕೆ ಕಂದು. ಹದಿನೈದರಲ್ಲಿ ಕಪ್ಪು ದಾರ ಕಟ್ಟಿಕೊಂಡ ಹಾಗೆ ಇರುತ್ತದೆ. ಅಲ್ಲಿ ಟಾರ್ಚ್ ಹಾಕಿದರೆ ಒಮ್ಮೆಲೇ ಕೆಂಪು ವಾಪಸ್ ಬರುತ್ತದೆ. ಬಿಸಿಲಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಕೊಳ್ಳುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಉಳಿಯುವುದು ಹಸಿರು ನೀಲಿ.

ಇದರಲ್ಲಿ ಹೆಚ್ಚಿನವರು ಮರೆಯುವ ಒಂದು ಮಾತಿದೆ. ಬಣ್ಣ ಕಳೆದುಹೋಗುವುದು ಮೇಲಿಂದ ಕೆಳಗೆ ಬರುವಾಗ ಮಾತ್ರ ಅಲ್ಲ. ಮೀನಿನಿಂದ ನಿಮ್ಮ ಲೆನ್ಸಿಗೆ ಬರುವ ದಾರಿಯಲ್ಲೂ ಅಷ್ಟೇ ಕಳೆಯುತ್ತದೆ. ನೀವು ಐದು ಮೀಟರ್ ಆಳದಲ್ಲಿದ್ದು ಮೀನು ಐದು ಮೀಟರ್ ದೂರದಲ್ಲಿದ್ದರೆ ಬೆಳಕು ಒಟ್ಟು ಹತ್ತು ಮೀಟರ್ ನೀರು ದಾಟಿದ ಹಾಗಾಯಿತು. ಅದರ ಜೊತೆಗೆ ನೀರಿನಲ್ಲಿ ತೇಲುವ ಕಣಗಳು ಬೇರೆ. ಇನ್ನೊಂದು, ಮಾಸ್ಕಿನ ಗಾಜಿನ ಮೂಲಕ ನೋಡುವಾಗ ಎಲ್ಲವೂ ಇರುವುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತದೆ. ಒಂದು ಮೀಟರ್ ದೂರದ ಮೀನು ಮುಕ್ಕಾಲು ಮೀಟರಿನಲ್ಲಿದ್ದ ಹಾಗೆ. ಆಕ್ಷನ್ ಕ್ಯಾಮೆರಾದ ಲೆನ್ಸ್ ಇದಕ್ಕೆ ಉಲ್ಟಾ, ತುಂಬಾ ಅಗಲ ನೋಡುವುದರಿಂದ ಮೀನನ್ನು ಸಣ್ಣದು ಮಾಡಿ ದೂರ ತಳ್ಳುತ್ತದೆ. ನಿಮ್ಮ ಕಣ್ಣಿಗೆ ತುಂಬಿದ ಹಾಗೆ ಕಂಡ ಮೀನು ಪರದೆಯಲ್ಲಿ ಬೆರಳುಗುರಿನಷ್ಟಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಫಿಲ್ಟರ್? ಬಿಸಿಲು ಚೆನ್ನಾಗಿದ್ದರೆ ಐದರಿಂದ ಹದಿನೈದು ಮೀಟರ್ ತನಕ ಕೆಂಪು ಫಿಲ್ಟರ್ ಸಹಾಯ ಮಾಡುತ್ತದೆ. ಲೈಟ್ ಹಾಕುವುದಾದರೆ ಫಿಲ್ಟರ್ ತೆಗೆಯಿರಿ, ಎರಡೂ ಸೇರಿದರೆ ಎಲ್ಲ ಕೆಂಪಗಾಗುತ್ತದೆ. ಲೈಟನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಬೇಡಿ. ಮಳೆಗಾಲದ ರಾತ್ರಿ ಬೈಕಿನ ಹೆಡ್‌ಲೈಟಿಗೆ ರಸ್ತೆ ಕಾಣದೆ ಮಳೆಹನಿ ಮಾತ್ರ ಕಾಣುತ್ತದಲ್ವಾ, ಅದೇ ಆಗುತ್ತದೆ. ಕ್ಯಾಮೆರಾದ ಎರಡು ಬದಿಗೆ ಕೋಲಿನಂಥ ಆರ್ಮ್ ಹಾಕಿ ಲೈಟನ್ನು ದೂರ ತನ್ನಿ. ಸೆಟ್ಟಿಂಗ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ: ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ದಾಟದ ಹಾಗೆ ಮಿತಿ ಹಾಕಿ, ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆನ್ ಇರಲಿ, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಒಂದೇ ಶಾಟಿನೊಳಗೆ ಬಣ್ಣ ಬದಲಾಗುತ್ತಾ ಹೋಗಬಹುದು, ಒಂದು ಕಡೆ ನಿಲ್ಲಿಸಿ. ಉಳಿದದ್ದನ್ನು ಮನೆಗೆ ಬಂದು ಸರಿ ಮಾಡಬಹುದು. ದೂರವನ್ನು ಮಾತ್ರ ಮನೆಗೆ ಬಂದು ಸರಿ ಮಾಡಲು ಆಗುವುದಿಲ್ಲ.

ನನ್ನ ಅನುಭವದಲ್ಲಿ ಅರ್ಧ ಮೀಟರಿನಿಂದ ಒಂದು ಮೀಟರ್, ಅದು ಒಳ್ಳೆಯ ದೂರ. ಮೂವತ್ತು ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಈ ಕ್ಯಾಮೆರಾಗಳಲ್ಲಿ ಮಸುಕಾಗುತ್ತದೆ, ಕ್ಲೋಸ್‌ಅಪ್ ಲೆನ್ಸ್ ಬೇಕು. ಆದರೆ ಆ ಒಂದು ಮೀಟರಿಗೆ ತಲುಪುವುದು ಹೇಗೆ? ಈಜುವುದರಲ್ಲಿ ಮೀನಿನ ಜೊತೆ ನಾವು ಯಾವತ್ತೂ ಗೆಲ್ಲುವುದಿಲ್ಲ. ಮಧ್ಯದ ದೂರವನ್ನು ಕಡಿಮೆ ಮಾಡಬೇಕಾದ್ದು ಮೀನು.

ಅನಂತಪುರದ ಕೆರೆ ದೇವಸ್ಥಾನ ನಮ್ಮ ಮನೆಗೆ ಹತ್ತಿರ. 2022ರ ಅಕ್ಟೋಬರಿನಲ್ಲಿ ತೀರಿಹೋದ ಬಬಿಯಾ ಮೊಸಳೆಯನ್ನು ನೋಡಲು ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೋಗುತ್ತಿದ್ದೆ. ದೂರದಿಂದ ಬಂದವರು ಕೆರೆಯ ಸುತ್ತ ಓಡಾಡಿ, ಎಲ್ಲಿ ಎಲ್ಲಿ ಅಂತ ಬಗ್ಗಿ ನೋಡಿ ಹೊರಟುಬಿಡುತ್ತಿದ್ದರು. ಅಜ್ಜ ಒಂದೇ ಕಡೆ ಸುಮ್ನೆ ಕೂರುತ್ತಿದ್ದರು. ನೀರಿನಲ್ಲಿ ಮೊದಲು ಮೂಗಿನ ಎರಡು ತೂತು, ಆಮೇಲೆ ಕಣ್ಣು. ಇಪ್ಪತ್ತು ವರ್ಷ ಕಳೆದು ನೇತ್ರಾಣಿಯಲ್ಲಿ ಹನ್ನೊಂದು ಮೀಟರ್ ಆಳದಲ್ಲಿ ನಾನು ಮಾಡಿದ್ದೂ ಅದನ್ನೇ.

ಬಂಡೆಯ ಸಂದಿನಲ್ಲಿ ಒಂದು ಆಕ್ಟೋಪಸ್ ಇತ್ತು. ಇತ್ತು ಅಂತ ಗೊತ್ತಾಗಿದ್ದು ಕಣ್ಣಿನಿಂದ ಮಾತ್ರ. ಅಡ್ಡಕ್ಕೆ ಎಳೆದ ಗೆರೆಯಂಥ ಕರಿ ಪಾಪೆ. ಮೈಯೆಲ್ಲ ಬಂಡೆಯ ಬಣ್ಣ, ಬಂಡೆಯ ಹಾಗೇ ಮುಳ್ಳುಮುಳ್ಳು. ಎರಡು ಮೀಟರ್ ದೂರದಲ್ಲಿ, ಅದರ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಂತೆ. ಲೈಟ್ ಆಫ್. ಎಂಟು ನಿಮಿಷ ಏನೂ ಆಗಲಿಲ್ಲ, ಉಸಿರಾಡುವ ನಳಿಗೆ ತೆರೆದು ಮುಚ್ಚುವುದು ಬಿಟ್ಟು. ಆಮೇಲೆ ಮೈಮೇಲಿನ ಮುಳ್ಳುಗಳು ಒಂದೊಂದಾಗಿ ಇಳಿದು ಚರ್ಮ ನುಣ್ಣಗಾಯಿತು, ಬಣ್ಣ ತಿಳಿಯಾಯಿತು. ಒಂದು ತೋಳು ಹೊರಗೆ ಬಂದು ಪಕ್ಕದ ಕಲ್ಲನ್ನು ತಡವಿತು. ಕಲ್ಲು ಎತ್ತಿ ಬದಿಗಿಟ್ಟು, ಪೂರ್ತಿ ಹೊರಗೆ ಬಂದು, ತಲೆ ಓರೆ ಮಾಡಿ ನನ್ನ ಕಡೆ ನೋಡಿತು. ತಲೆ ಓರೆಯಾದರೂ ಕಣ್ಣಿನ ಗೆರೆ ಅಡ್ಡಕ್ಕೇ ಇತ್ತು. ಆ ಮೂರು ನಿಮಿಷದ ಶಾಟ್ ನನ್ನ ಬಳಿ ಇರುವುದರಲ್ಲೆಲ್ಲ ನನಗೆ ತುಂಬ ಇಷ್ಟವಾದದ್ದು.

ನಿಮಗೆ ಅಷ್ಟು ಕಾಯಲು ಗಾಳಿ ಸಾಲದಿದ್ದರೆ ಇನ್ನೊಂದು ದಾರಿ ಇದೆ. ಬಂಡೆಗಳಲ್ಲಿ ಕ್ಲೀನರ್ ರಾಸ್ ಅನ್ನುವ ಪುಟ್ಟ ಮೀನುಗಳ ಜಾಗ ಇರುತ್ತದೆ. ದೊಡ್ಡ ಮೀನುಗಳು ಅಲ್ಲಿಗೆ ಬಂದು ಬಾಯಿ ತೆರೆದು ನಿಲ್ಲುತ್ತವೆ, ಪುಟ್ಟವು ಬಾಯೊಳಗೆ ಹೋಗಿ, ಕಿವಿರಿನೊಳಗೆ ಹೋಗಿ, ಅಂಟಿಕೊಂಡ ಹುಳಗಳನ್ನು ತಿನ್ನುತ್ತವೆ. ನಾವು ಮುಂದೆ ಹೋಗಿ ನಿಂತರೆ ದೊಡ್ಡ ಮೀನು ಕೆಲಸ ಬಿಟ್ಟು ಹೊರಟುಹೋಗುತ್ತದೆ. ಪಕ್ಕದ ಮರಳಿನಲ್ಲಿ, ಹವಳ ಇಲ್ಲದ ಕಡೆ, ಸಣ್ಣ ತೂಕ ಕಟ್ಟಿದ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಇಟ್ಟು, ರೆಕಾರ್ಡ್ ಒತ್ತಿ, ನೀವು ಹತ್ತು ನಿಮಿಷ ದೂರ ಹೋಗಿ. ನಾವಿಲ್ಲದಾಗ ಅಲ್ಲಿ ನಡೆಯುವುದು ಬೇರೆಯೇ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಈಗ ಉಸಿರಿನ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಚಿತ್ರ ಅಲುಗಾಡಬಾರದು ಅಂತ ಎಷ್ಟೋ ಜನ ಉಸಿರು ಹಿಡಿಯುತ್ತಾರೆ. ಫೋನಿನಲ್ಲಿ ಫೋಟೋ ತೆಗೆಯುವಾಗ ಬಂದ ಅಭ್ಯಾಸ. ನೀರಿನಡಿ ಟ್ಯಾಂಕಿನ ಗಾಳಿ ಎಳೆದುಕೊಂಡು ಅದನ್ನು ಹಿಡಿದಿಟ್ಟರೆ ಶ್ವಾಸಕೋಶ ಬಲೂನಿನ ಹಾಗೆ ನಿಮ್ಮನ್ನು ಮೇಲೆತ್ತುತ್ತದೆ. ಕಣ್ಣು ಪರದೆಯಲ್ಲಿರುವುದರಿಂದ ಮೇಲೆ ಹೋಗುತ್ತಿರುವುದು ಗೊತ್ತಾಗುವುದಿಲ್ಲ. ಮೇಲೆ ಹೋದಂತೆ ಒತ್ತಡ ಕಡಿಮೆ, ಗಾಳಿ ಇನ್ನಷ್ಟು ಹಿಗ್ಗುತ್ತದೆ. ಹತ್ತು ಮೀಟರಿನಲ್ಲಿ ತುಂಬಿದ ಗಾಳಿ ಮೇಲ್ಮೈಗೆ ಬರುವಾಗ ಎರಡು ಪಟ್ಟಾಗುತ್ತದೆ. ಪೂರ್ತಿ ತುಂಬಿದ ಶ್ವಾಸಕೋಶ ಒಂದೆರಡು ಮೀಟರ್ ಏರಿದರೂ ಹರಿಯಬಹುದು. ಯಾವ ಶಾಟೂ ಅದಕ್ಕೆ ಸಮ ಅಲ್ಲ. ಚಿತ್ರ ನಿಲ್ಲಬೇಕಾದರೆ ಎರಡು ಕೈಯಲ್ಲಿ ಹಿಡಿಯುವ ಟ್ರೇ ಬಳಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉದ್ದಕ್ಕೆ ನಿಧಾನ ಉಸಿರು ಬಿಡುತ್ತಾ ಶಾಟ್ ತೆಗೆಯಿರಿ. ಗುಳ್ಳೆ ಒಮ್ಮೆಲೇ ಸಿಡಿಯುವುದಕ್ಕಿಂತ ನಿಧಾನ ಹೋದರೆ ಮೀನುಗಳಿಗೂ ಗಾಬರಿ ಕಡಿಮೆ.

ಇದಕ್ಕೇ ನಾನು ಹೇಳುವುದು, ಕೈ ಬೀಸದೆ, ತಳ ಮುಟ್ಟದೆ ಒಂದೇ ಮಟ್ಟದಲ್ಲಿ ನಿಲ್ಲಲು ಬರುವ ತನಕ ಕ್ಯಾಮೆರಾ ಬೇಡ. ಮೊದಲ ಸಲ ಇಳಿಯುವವರಂತೂ ಬೇಡವೇ ಬೇಡ, ನಿಮ್ಮ ಜೊತೆ ಇಳಿಯುವವರು ತೆಗೆದುಕೊಡುತ್ತಾರೆ. ಕಲಿತವರೂ ಪ್ರತಿ ಶಾಟ್ ಮುಗಿದ ಮೇಲೆ ಗಾಳಿ ಎಷ್ಟಿದೆ ಅಂತ ಗೇಜ್ ನೋಡುವ ರೂಢಿ ಮಾಡಿಕೊಳ್ಳಿ. ಟ್ಯಾಂಕಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ ದೋಣಿ ಹತ್ತಿರ ಇರಬೇಕು, ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲೇಬೇಕು, ಆಗ ಎದುರಿಗೆ ಎಂಥ ಮೀನು ಬಂದರೂ ಸರಿ.

ಪ್ರಾಣಿಗಳ ಬಗ್ಗೆ ಒಂದೆರಡು ಮಾತು. ಕಡಲಾಮೆ ಉಸಿರಿಗೆ ಮೇಲೆ ಬರಲೇಬೇಕು, ಅದರ ಮತ್ತು ಮೇಲ್ಮೈಯ ನಡುವೆ ನೀವು ನಿಲ್ಲಬೇಡಿ. ತೊರಕೆ, ಅಂದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು ಸ್ಟಿಂಗ್‌ರೇ, ಅದರ ಬೆನ್ನಿನ ಮೇಲಿಂದ ಈಜಬೇಡಿ. ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರಿನಲ್ಲಿ ಚಿತ್ರೀಕರಣ ಮಾಡುತ್ತಿರುವಾಗಲೇ ತೊರಕೆಯ ಮುಳ್ಳು ಎದೆಗೆ ನಾಟಿ ತೀರಿಕೊಂಡರು, ಅಲ್ಲಿದ್ದದ್ದು ಎದೆಮಟ್ಟದ ನೀರು. ಮುಂದಿನಿಂದ, ಓರೆಯಾಗಿ, ಅದಕ್ಕೆ ಕಾಣುವ ಹಾಗೆ, ಹೋಗಲು ದಾರಿ ಬಿಟ್ಟು ಇರಿ. ಹವಳ, ಕಡಲಕುದುರೆ, 2001ರಿಂದ ತಿಮಿಂಗಿಲ ಶಾರ್ಕ್, ಇವೆಲ್ಲ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಅಟ್ಟಿಕೊಂಡು ಹೋಗುವುದು, ತಿಂಡಿ ತೋರಿಸಿ ಕರೆಯುವುದೂ ಸೇರುತ್ತದೆ. ವಿಡಿಯೋಗೋಸ್ಕರ ಬ್ರೆಡ್ ಹಾಕುವವರನ್ನು ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಸಲಕರಣೆಯ ವಿಷಯ ಬೇಗ ಮುಗಿಸುತ್ತೇನೆ. ಹೆಚ್ಚಿನ ಗೋಪ್ರೋ ಕ್ಯಾಮೆರಾಗಳು ಹೌಸಿಂಗ್ (ನೀರು ಒಳಗೆ ಬಿಡದ ಗಟ್ಟಿ ಪೆಟ್ಟಿಗೆ) ಇಲ್ಲದೆ 10 ಮೀಟರ್, ಡಿಜೆಐ ಆಕ್ಷನ್ 4 ಆದರೆ 18 ಮೀಟರ್ ಅಂತ ಕಂಪೆನಿಯವರು ಹೇಳುತ್ತಾರೆ. ಆದರೂ ಡೈವಿಗೆ ಹೌಸಿಂಗ್ ಹಾಕಿಯೇ ಇಳಿಯಿರಿ, ಗೋಪ್ರೋದ ಹೌಸಿಂಗ್ 60 ಮೀಟರ್ ತಡೆಯುತ್ತದೆ. ತಡೆಯುವುದು ಅದರ ಬಾಗಿಲಿನ ರಬ್ಬರ್ ಬಳೆ, ಓ ರಿಂಗ್. ನನ್ನ ಒಂದು ಕ್ಯಾಮೆರಾ ಹನ್ನೆರಡು ಮೀಟರಿನಲ್ಲಿ ಸತ್ತದ್ದು ಆ ಬಳೆಯ ಮೇಲೆ ಸಿಕ್ಕಿಕೊಂಡ ಒಂದು ತಲೆಕೂದಲಿನಿಂದ. ಅವತ್ತಿನಿಂದ ಬೆರಳಿನಲ್ಲಿ ಸವರಿ, ಬೆಳಕಿಗೆ ಹಿಡಿದು ನೋಡದೆ ಮುಚ್ಚುವುದಿಲ್ಲ. ಇಳಿದ ತಕ್ಷಣ ಒಂದು ಮೀಟರಿನಲ್ಲಿ ನಿಂತು ಗುಳ್ಳೆ ಬರುತ್ತದಾ ನೋಡುತ್ತೇನೆ. ಹೌಸಿಂಗನ್ನು ದೋಣಿಯಲ್ಲಿ ಮುಚ್ಚಬೇಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಕ್ಯಾಮೆರಾ ಬಿಸಿಯಾಗುತ್ತದೆ, ಹೊರಗಿನ ನೀರು ತಂಪು, ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಹಿಂದಿನ ರಾತ್ರಿ ಎಸಿ ಕೋಣೆಯಲ್ಲಿ ತೇವ ಹೀರುವ ಸಿಲಿಕಾ ಪಟ್ಟಿ ಒಳಗಿಟ್ಟು ಮುಚ್ಚಿ. ವಾಪಸ್ ಬಂದ ಮೇಲೆ ಸಿಹಿನೀರಿನ ಬಕೆಟಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಗುಂಡಿಗಳನ್ನು ಒತ್ತಿ ಒತ್ತಿ ಬಿಡಿ, ಇಲ್ಲದಿದ್ದರೆ ಸಂದಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ನಲವತ್ತು ವರ್ಷ ಬಲೆ ಎಳೆದ ಮಾವ ಒಬ್ಬರಿದ್ದಾರೆ. ಕಳೆದ ವಾರ ನೇತ್ರಾಣಿಯಲ್ಲಿ ಸಿಕ್ಕಿದ ಒಂದು ತೊರಕೆಯ ಶಾಟ್ ಅವರಿಗೆ ತೋರಿಸಿದೆ. ಮರಳಿನಿಂದ ಎದ್ದು, ಮೈಮೇಲಿನ ಮರಳು ಹೊಗೆಯ ಹಾಗೆ ಹಿಂದೆ ಬಿಟ್ಟು, ರೆಕ್ಕೆಯ ಅಂಚು ಅಲೆಯಾಡಿಸುತ್ತಾ ಕ್ಯಾಮೆರಾದ ಎದುರಿನಿಂದ ಬಂದು ಪಕ್ಕದಲ್ಲಿ ದಾಟಿ ಹೋಗುವುದು. ಅವರು ಕನ್ನಡಕ ಏರಿಸಿ ನೋಡಿದರು. ಬಲೆಗೆ ಬಂದ ತೊರಕೆಯ ಬಾಲವನ್ನು ಮುಳ್ಳಿನ ಹೆದರಿಕೆಗೆ ಮೊದಲೇ ಕಡಿದು ಬಿಸಾಡುವುದು ಇಲ್ಲಿನ ಪದ್ಧತಿ, ಮಾರ್ಕೆಟಿಗೆ ಬರುವುದು ಮೊಂಡು ಮೀನು.

"ನಿಲ್ಸು ನಿಲ್ಸು, ಹಿಂದೆ ತಗೊ" ಅಂದರು. ಬಾಲ ಪೂರ್ತಿ ಕಾಣುವ ಕಡೆ ನಿಲ್ಲಿಸಿದೆ. ಮೈಯಷ್ಟೇ ಉದ್ದದ ಬಾಲ, ನೀರಿನಲ್ಲಿ ನೇರ ಎಳೆದ ಹಾಗೆ. ಒಳಗೆ ತಿರುಗಿ ಮೊಮ್ಮಗನನ್ನು ಕರೆದರು. "ಬಾ ಇಲ್ಲಿ. ತೊರಕೆ ಹೀಗೆ ಇರುದು, ನೋಡು."