ವಗ್ ಎಂಬ ಹಕ್ಕಿ ಕಲಿಸಿದ ವ್ಯಾಕರಣ

ವಗ್ ಅನ್ನೋ ಹಕ್ಕಿ ಎಲ್ಲೂ ಇಲ್ಲ. ಮಕ್ಕಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಜೀನ್ ಬರ್ಕೋ ಸುಮ್ನೆ ಹುಟ್ಟಿಸಿದ ಹೆಸರು ಅದು. ಇಂಗ್ಲಿಷ್ ಮಾತಾಡುವ 4ರಿಂದ 7 ವರ್ಷದ ಮಕ್ಕಳಿಗೆ ಅದರ ಚಿತ್ರ ತೋರಿಸಿ, ‘ಇದು ವಗ್. ಈಗ ಇನ್ನೊಂದು ಬಂತು. ಈಗ ಎರಡು...’ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಮಕ್ಕಳು ‘ವಗ್ಜ಼್’ ಎಂದು ಸರಿಯಾಗಿ ಬಹುವಚನ ಹೇಳಿದರು. ಈ ಅಧ್ಯಯನ 1958ರಲ್ಲಿ ಪ್ರಕಟವಾಯಿತು.

ಆ ಪದವನ್ನು ಮಕ್ಕಳು ಹಿಂದೆಂದೂ ಕೇಳಿರಲಿಲ್ಲ. ಬಾಯಿಪಾಠ ಮಾಡಿರಲು ಸಾಧ್ಯವೇ ಇಲ್ಲ, ಅಲ್ವಾ? ಅಂದರೆ ಅವರ ತಲೆಯಲ್ಲಿ ಇದ್ದದ್ದು ಪದಗಳ ಪಟ್ಟಿಯಷ್ಟೇ ಅಲ್ಲ. ಪದಕ್ಕೆ ಅಂಟಿಸುವ ಚಿಕ್ಕ ತುಂಡು, ಅದನ್ನು ಅಂಟಿಸುವ ರೀತಿ, ಎರಡೂ ಬೇರೆಯಾಗಿಯೇ ಇದ್ದವು.

ಈ ತುಂಡಿನ ಸ್ವಭಾವ ಸ್ವಲ್ಪ ವಿಚಿತ್ರ. ಬರೆಯುವಾಗ ‘ಎಸ್’, ಕೆಲವೆಡೆ ‘ಇಎಸ್’. ಆಡುವಾಗ ಮೂರು ಬಗೆ. ಗಂಟಲಿನ ಮೇಲೆ ಬೆರಳಿಟ್ಟು ‘ಜ಼್‌ಜ಼್’ ಎನ್ನಿ, ನಡುಗುತ್ತದೆ. ‘ಸ್‌ಸ್’ ಎನ್ನಿ, ನಡುಗುವುದಿಲ್ಲ. ಕ್ಯಾಟ್ ಪದದ ಕೊನೆಯ ‘ಟ್’ ನಡುಗಿಸದ ಸದ್ದು, ಹಾಗಾಗಿ ಕ್ಯಾಟ್ಸ್. ಡಾಗ್ ಪದದ ‘ಗ್’ ನಡುಗಿಸುವ ಸದ್ದು, ಹಾಗಾಗಿ ಡಾಗ್ಜ಼್. ಬಸ್ ಥರ ಕೊನೆಯಲ್ಲೇ ‘ಸ್’ ಇದ್ದರೆ ನಡುವೆ ಒಂದು ಸ್ವರ ತೂರಿಸಿ ಬಸಿಜ಼್. ನಮ್ಮಲ್ಲಿ ಹೆಚ್ಚಿನವರು ‘ಡಾಗ್ಸ್’ ಎನ್ನುತ್ತೇವೆ. ಇಂಗ್ಲಿಷನ್ನು ಕಿವಿಗಿಂತ ಜಾಸ್ತಿ ಪುಸ್ತಕದಿಂದ ಕಲಿತವರಲ್ಲವೇ ನಾವು! ಅದರಿಂದ ಅರ್ಥವೇನೂ ಕೆಡುವುದಿಲ್ಲ.

ಈ ಮೂರನೆಯ ಬಗೆಯಲ್ಲೇ ಬರ್ಕೋ ಪ್ರಶ್ನೆ ಕೇಳಿದ ಮಕ್ಕಳೂ ಎಡವಿದರು. ‘ಟ್ಯಾಸ್’ ಎಂಬ ಹುಸಿ ಪದ ಕೊಟ್ಟಾಗ ಸರಿಯಾಗಿ ಹೇಳಿದವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಲ್ಲಿ ಹಲವರು ಪದವನ್ನು ಹಾಗೇ ಬಿಟ್ಟರು. ತಮಾಷೆ ಎಂದರೆ, ನಿಜವಾದ ‘ಗ್ಲಾಸ್’ ಪದಕ್ಕೆ ಹತ್ತರಲ್ಲಿ ಒಂಬತ್ತು ಮಕ್ಕಳು ಸರಿಯಾಗಿ ‘ಗ್ಲಾಸಿಜ಼್’ ಎಂದಿದ್ದರು. ಆ ಪದ ಬಾಯಿಗೆ ಬಂದಿತ್ತು, ಅದರೊಳಗಿನ ನಿಯಮ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಸರಿ ಉತ್ತರ ಬಂದ ಮಾತ್ರಕ್ಕೆ ವ್ಯಾಕರಣ ಬಂತು ಎನ್ನುವ ಹಾಗಿಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ.

ಜೋಡುಪದಗಳ ಬಗ್ಗೆಯೂ ಬರ್ಕೋ ಕೇಳಿದ್ದರು. ಬ್ರೇಕ್‌ಫಾಸ್ಟ್ ಅಂತ ಯಾಕೆ ಹೆಸರು? ಶಾಲೆಗೆ ಓಡುವ ಗಡಿಬಿಡಿಯಲ್ಲಿ ಫಾಸ್ಟ್ ಆಗಿ ತಿನ್ನಬೇಕಲ್ಲ, ಅದಕ್ಕೇ ಎಂದಿತು ಒಂದು ಮಗು. ಇಲ್ಲಿನ ‘ಫಾಸ್ಟ್’ ಉಪವಾಸ, ‘ಬ್ರೇಕ್’ ಅದನ್ನು ಮುರಿಯುವುದು. ಮಗುವಿನ ವಿವರಣೆಯೇ ಹೆಚ್ಚು ಚೆನ್ನಾಗಿದೆ ಬಿಡಿ.

ಭೂತಕಾಲಕ್ಕೂ ಹುಸಿ ಪದಗಳಿದ್ದವು. ‘ಗ್ಲಿಂಗ್’ ಎಂಬ ಕ್ರಿಯಾಪದಕ್ಕೆ ಬಹುಪಾಲು ಮಕ್ಕಳು ನಿಯಮದಂತೆ ‘ಗ್ಲಿಂಗ್ಡ್’ ಎಂದರು. ದೊಡ್ಡವರನ್ನು ಕೇಳಿದಾಗ ಹಲವರು ‘ಗ್ಲ್ಯಾಂಗ್’, ‘ಗ್ಲಂಗ್’ ಎಂದರು. ಸಿಂಗ್–ಸ್ಯಾಂಗ್–ಸಂಗ್ ಎಂದು ವರ್ಷಗಟ್ಟಲೆ ಆಡಿದ ನಾಲಿಗೆಗಳು ಅವು.